ಬಾನಾ ಕಾಸುಬಾ ಮತ್ತು ಕಾರಣದ ಕಾಲಂ

ಕಿಟ್ವೆ ಊರಿನ ನಮ್ಮ ಬೇಕರಿಯ ಭಟ್ಟಿಮನೆಯಲ್ಲಿ ಗೋಡೆಗೆ ಎರಡು ಪಟ ತೂಗುಹಾಕಿದ್ದರು. ಒಂದು ಯೇಸುಸ್ವಾಮಿಯದು, ಇನ್ನೊಂದು ಬಾನಾ ಕಾಸುಬಾಳದು, ಅಂದರೆ ಕಾಸುಬಾನ ತಾಯಿಯದು. ಯೇಸುಸ್ವಾಮಿಯದು ತುಸು ಚಿಕ್ಕದು. ಬಾನಾ ಕಾಸುಬಾಳ ಪಟದ ಕೆಳಗೆ ಚಿನ್ನದ ಬಣ್ಣದಲ್ಲಿ ಹೀಗೆ ಬರೆದಿತ್ತು: ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ತಾಯಂದಿರ ದಿನವನ್ನೂ ತೆಗೆದುಕೊಳ್ಳದ ಆದರ್ಶ ಕೆಲಸಗಾರ್ತಿ.

ತಾಯಂದಿರ ದಿನವೆಂದರೆ ದುಡಿಯುವ ಹೆಂಗಸಿಗೆ ಮುಟ್ಟಿನ ನೋವಿಗೆಂದು ತಿಂಗಳಿಗೊಂದು ರಜೆ. ಮಕ್ಕಳಿರಲಿ, ಇಲ್ಲದಿರಲಿ, ಬೆಳಿಗ್ಗೆ ಫೋನು ಮಾಡಿ "ಇವತ್ತು ಬರಲ್ಲ" ಎಂದರೆ ಮುಗಿಯಿತು. ಯಾಕೆಂದು ಯಾರೂ ಕೇಳಬಾರದು ಎಂದು ಸರ್ಕಾರವೇ ಬರೆದಿಟ್ಟಿದೆ. ಆದರೆ ಸರ್ಕಾರ ಬರೆದದ್ದು ರಾಜಧಾನಿ ಲುಸಾಕಾದಲ್ಲಿ ಕೂತು. ನಮ್ಮ ಬೇಕರಿಯ ರಿಜಿಸ್ಟರು ಬರೆಯುತ್ತಿದ್ದವಳು ಬಾನಾ ಕಾಸುಬಾ. ಹೆಸರು, ತಾರೀಖು ಎಂಬ ಎರಡು ಕಾಲಮ್ಮುಗಳ ಪಕ್ಕದಲ್ಲಿ ಅವಳು ಸ್ಕೇಲಿಟ್ಟು ಮೂರನೆಯ ಗೆರೆ ಎಳೆದು, ಮೇಲೆ "ಕಾರಣ" ಎಂದು ಬರೆದಿದ್ದಳು. ಗೆರೆ ಎಳೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಳ್ಳೆಯ ಕೆಲಸಕ್ಕೆ ಹೇಳಿಸಿಕೊಳ್ಳುವ ಜಾತಿಯೇ ಅವಳದಲ್ಲ.

ಆ ರಿಜಿಸ್ಟರಿನಲ್ಲಿ ಅತಿ ಹೆಚ್ಚು ಸಲ ಬಂದ ಹೆಸರು ಫೆಬ್ಬಿಯದು. ಬ್ರೆಡ್ಡಿಗೆ ಕವರು ಹಾಕುವ ಹುಡುಗಿ. ತಿಂಗಳಿಗೊಮ್ಮೆ ಅವಳ ಮುಖ ಕಲಸಿದ ಮೈದಾದಂತೆ ಬಿಳಿಚಿಕೊಳ್ಳುತ್ತಿತ್ತು.

"ಹೊಟ್ಟೆನೋವು ಅಮ್ಮಾ. ನಿಂತ್ಕೊಳ್ಳೋಕೇ ಆಗ್ತಿಲ್ಲ."

"ಐದು ಹೆತ್ತಿದ್ದೀನಿ ಕಣೇ ನಾನು. ಐದನೇದು ಹೊಟ್ಟೇಲಿದ್ದಾಗ ಬೆಳಿಗ್ಗೆ ಹತ್ತರ ತನಕ ಟ್ರೇ ಎಳೆದು, ಮಧ್ಯಾಹ್ನ ಹೆತ್ತೆ. ಏನಂತ ಬರೀಲಿ? ಬರೀ ಹೊಟ್ಟೆನೋವಾ? ಹೋದ ತಿಂಗಳೂ ಸೋಮವಾರಾನೇ ಬಂದಿತ್ತಲ್ಲ ಈ ನೋವು?"

ಒಮ್ಮೆ ಫೆಬ್ಬಿ ಹೋಗಿ ಕವರಿನ ಮೇಜಿನ ಹಿಂದೆ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು ಬಂದು ಮತ್ತೆ ಕವರು ಹಾಕಿದಳು. ಬಾನಾ ಕಾಸುಬಾ ಅದನ್ನು ಕಂಡೂ ಕಾಣದವಳಂತೆ ಇದ್ದಳು. ಆ ಕ್ರಿಸ್ಮಸ್ಸಿಗೇ ಅವಳಿಗೆ ಪಟ ಕೊಟ್ಟದ್ದು.

ಅವಳ ಐವತ್ತೊಂದನೆಯ ವಯಸ್ಸಿನಲ್ಲಿ ಮುಟ್ಟು ನಿಂತಿತು. ಸದ್ಯ, ಒಂದು ರಗಳೆ ತಪ್ಪಿತು ಎಂದುಕೊಂಡಳು. ರಗಳೆ ಹೋಗುವಾಗ ತನ್ನ ತಮ್ಮನನ್ನು ಬಿಟ್ಟು ಹೋಗಿತ್ತು. ಎದೆಯ ನಡುವಿನಿಂದ ಒಂದು ಝಳ ಎದ್ದು, ಕತ್ತು ಕೆನ್ನೆಗಳನ್ನು ಹಾದು ನೆತ್ತಿಗೇರುತ್ತಿತ್ತು. ಬೆನ್ನಿಗೆ ಭಟ್ಟಿ, ಎದೆಗೆ ಇದು. ಬೆವರಿಗೆ ಸಮವಸ್ತ್ರ ಮೈಗಂಟುತ್ತಿತ್ತು. ನಿದ್ದೆಗೆಟ್ಟು ಬಂದ ದಿನ ಎರಡು ಟ್ರೇ ಬ್ರೆಡ್ಡು ಕರಕಾಯಿತು. ಇಪ್ಪತ್ತೆರಡು ವರ್ಷದಲ್ಲಿ ಎಂದೂ ಆಗಿರಲಿಲ್ಲ. ರಜೆ ಹಾಕಬಹುದಿತ್ತು. ಆದರೆ ಮುಟ್ಟಾಗುತ್ತಿದ್ದಾಗ ತೆಗೆದುಕೊಳ್ಳದ ದಿನವನ್ನು ಮುಟ್ಟು ನಿಂತ ಮೇಲೆ ತೆಗೆದುಕೊಳ್ಳುವುದು ಮೋಸವೆಂದು ಅವಳ ಲೆಕ್ಕ. ಜೊತೆಗೆ ಗೋಡೆಯ ಮೇಲೆ ಆ ಪಟ ಬೇರೆ.

ಹಾಗಾಗಿ ಅವಳು ತಂಪುಕೋಣೆಗೆ ಹೋಗತೊಡಗಿದಳು. ಯೀಸ್ಟು, ಮಾರ್ಗರಿನ್ನು ಇಡುವ ಕೋಣೆ. ಒಳಗೆ ಹೋಗಿ ಬಾಗಿಲೆಳೆದುಕೊಂಡು, ಕುತ್ತಿಗೆಯ ಗುಂಡಿ ಬಿಚ್ಚಿ, ಮಾರ್ಗರಿನ್ ಪೆಟ್ಟಿಗೆಗೆ ಕೆನ್ನೆಯಿಟ್ಟು ಎರಡು ನಿಮಿಷ ನಿಲ್ಲುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಸಿಕ್ಕ ದೊಡ್ಡ ಸುಖ ಅದೇ ಎಂದರೂ ಸುಳ್ಳಲ್ಲ. ದಿನಕ್ಕೆ ಏಳೆಂಟು ಸಲ ಹೋಗುತ್ತಿದ್ದಳು. ಹೊರಗೆ ಬರುವಾಗ ಒದ್ದೆಯಾದ ಬೆನ್ನು ಕಾಣದಿರಲೆಂದು ಚಿತೇಂಗೆ ಬಟ್ಟೆಯನ್ನು ಎದೆಯಿಂದ ಕಾಲಿನವರೆಗೂ ಬಿಗಿದುಕೊಂಡಿರುತ್ತಿದ್ದಳು.

ಆ ತಿಂಗಳು ಮೂರು ಪೆಟ್ಟಿಗೆ ಮಾರ್ಗರಿನ್ ಕಡಿಮೆ ಬಂತು. ಕಾವಲುಗಾರ ಹೇಳಿದ್ದು ಒಂದೇ ಹೆಸರು.

ಮ್ಯಾನೇಜರ್ ಮ್ವೆಲ್ವಾ ಮೂವತ್ತು ದಾಟದ ಹುಡುಗ. ಅವಳ ಮಗ ಕಾಸುಬಾನ ಜೊತೆ ಓದಿದವನು, ಅವಳ ಕೈಯ ನ್ಶೀಮಾ ಮುದ್ದೆ ತಿಂದು ಬೆಳೆದವನು. ಅವಳನ್ನು ಕೂರಿಸಿ, ತಲೆ ತಗ್ಗಿಸಿ ಹೇಳಿದ.

"ನಂಗೂ ಇಷ್ಟ ಇಲ್ಲ ಅಮ್ಮಾ. ಆದ್ರೆ ಮೇಲಿನವ್ರು ಕೇಳ್ತಿದ್ದಾರೆ. ಒಳಗೆ ಯಾಕೆ ಹೋಗ್ತೀರಿ ಅನ್ನೋದನ್ನ ಶುಕ್ರವಾರ ಎಲ್ಲರ ಮುಂದೆ ಹೇಳಿಬಿಡಿ, ಮುಗೀತು. ಇಲ್ಲಾಂದ್ರೆ ಕೆಲಸದಿಂದ ತೆಗೀಲೇಬೇಕಾಗುತ್ತೆ. ಕಾರಣ ಒಂದು ಬೇಕು ಅಷ್ಟೇ."

ಒಂದು ವಾಕ್ಯ ಸಾಕಿತ್ತು. ಆದರೆ ಅಮ್ಮಾ ಎಂದು ಕರೆದ ಹುಡುಗನ ಮುಂದೆ ಮುಟ್ಟು ನಿಂತ ಸುದ್ದಿ ಆಡುವುದೆಂದರೆ ಬೀದಿಯಲ್ಲಿ ಬಟ್ಟೆ ಬಿಚ್ಚಿದ ಹಾಗೆ. ಕಳ್ಳಿಯಾಗಿ ಮನೆಗೆ ಹೋದರೂ ಸರಿ, ಇದನ್ನಂತೂ ಹೇಳಲಾರೆ ಎಂದು ನಿಶ್ಚಯಿಸಿದಳು. ನಿಶ್ಚಯಿಸಿ, ಭಟ್ಟಿಮನೆಗೆ ಬಂದು, ಯಾರಿಗೂ ಕಾಣದಂತೆ ಅತ್ತಳು.

ಕಂಡದ್ದು ಜೆರೆಗೆ. ಭಟ್ಟಿ ನೋಡಿಕೊಳ್ಳುವ ಮುದುಕ, ನ್ಗೋನಿಯವನು. ಅವಳು ಬೆಂಬಾದವಳು. ಈ ಎರಡು ಕುಲಗಳು ಹಿಂದೆ ಬಡಿದಾಡಿ ಸುಸ್ತಾಗಿ ಬೀಗರಾದವು. ಅಂದಿನಿಂದ ಒಬ್ಬರನ್ನೊಬ್ಬರು ಎಷ್ಟು ಬೈದರೂ ನಡೆಯುತ್ತದೆ, ಮಸಣದಲ್ಲಿ ಕೂಡ. ಬೈಸಿಕೊಂಡವರು ಸಿಟ್ಟಾಗುವ ಹಾಗಿಲ್ಲ. ಇಪ್ಪತ್ತೆರಡು ವರ್ಷದಿಂದ ಜೆರೆ ಅವಳನ್ನು ಕೋತಿ ತಿನ್ನುವವಳು ಎನ್ನುತ್ತಿದ್ದ, ಅವಳು ಅವನನ್ನು ಇಲಿ ತಿನ್ನುವವನು ಎನ್ನುತ್ತಿದ್ದಳು.

ಶುಕ್ರವಾರ ಎಲ್ಲರೂ ಸೇರಿದರು. ಮ್ವೆಲ್ವಾ ಪ್ರಶ್ನೆ ಓದಿದ. ಬಾನಾ ಕಾಸುಬಾ ನೆಲ ನೋಡುತ್ತ ನಿಂತಳು. ಅವನು ಎರಡನೆಯ ಸಲ ಓದಿದ. ಆಗ ಹಿಂದಿನಿಂದ ಜೆರೆ ಕೈಯೆತ್ತಿದ.

"ಸಾಹೇಬ್ರೇ, ಈ ನಮ್ಮ ಬೀಗ್ತಿನ ಏನ್ ಕೇಳ್ತೀರಿ, ನನ್ನ ಕೇಳಿ. ಕದಿಯೋಕೂ ಬುದ್ಧಿ ಬೇಕು, ಬೆಂಬಾದವ್ರಿಗೆ ಎಲ್ಲಿಂದ ಬರ್ಬೇಕು? ಮುದುಕಿಗೆ ಮುಟ್ಟು ನಿಂತಿದೆ! ಜೀವಮಾನವೆಲ್ಲಾ ತಿಂದ ಕೋತಿಗಳು ಈಗ ಒಳಗೆ ಬೆಂಕಿ ಹಚ್ಕೊಂಡು ಕೂತಿವೆ. ನನ್ನ ಹೆಂಡ್ತಿಗೂ ಹಿಂಗೇ ಆಗಿತ್ತು. ಜುಲೈ ಚಳೀಲಿ ಕಿಟಕಿ ತೆಗೆದು ಮಲಗ್ತಿದ್ಳು, ನ್ಯುಮೋನಿಯಾ ಬಂದಿದ್ದು ಮಾತ್ರ ನಂಗೆ!"

 ಇಡೀ ಬೇಕರಿ ಬಿದ್ದು ಬಿದ್ದು ನಕ್ಕಿತು. ಬಾನಾ ಕಾಸುಬಾಳಿಗೆ ಅವನ ಕತ್ತು ಹಿಸುಕಬೇಕೆನಿಸಿತು, ಅವನ ಕಾಲಿಗೆ ಬೀಳಬೇಕೆಂದೂ ಅನಿಸಿತು. ಬೀಗತನದಲ್ಲಿ ಎರಡಕ್ಕೂ ಜಾಗವಿಲ್ಲ; ಬೈಗುಳಕ್ಕೆ ಬೈಗುಳವೇ ಕೊಡಬೇಕು.

"ಇಲಿ ತಿನ್ನೋ ಬಾಯಿಂದ ಇನ್ನೇನ್ ಬರುತ್ತೆ," ಎಂದಳು. ದನಿ ನಡುವೆಯೇ ಒಡೆಯಿತು. ಹೌದೆನ್ನಲು ಅಷ್ಟೇ ಸಾಕಾಯಿತು. ಮ್ವೆಲ್ವಾ ಕಿವಿಯವರೆಗೂ ಬೆವೆತು ಸೂರು ನೋಡುತ್ತ ಸಭೆ ಮುಗಿಸಿದ. ಮಾರ್ಗರಿನ್ ಎಣಿಸಿದ್ದೇ ತಪ್ಪು ಎಂದು ಮರುವಾರ ಗೊತ್ತಾಯಿತು. ತಪ್ಪೆಣಿಸಿದವರ ಪಟವನ್ನು ಯಾರೂ ಗೋಡೆಗೆ ಹಾಕಲಿಲ್ಲ.

ಮೇಲಿನವರು ಮಾತ್ರ ಕರಗಿಹೋದರು. ಮಹಿಳೆಯರ ಆರೋಗ್ಯವೇ ನಮ್ಮ ಬೇಕರಿಯ ಆರೋಗ್ಯ ಎಂದು ನೋಟೀಸು ಅಂಟಿಸಿದರು. ನಲವತ್ತೈದು ದಾಟಿದ ಹೆಂಗಸರು ಐದೈದು ನಿಮಿಷ ತಂಪುಕೋಣೆಯಲ್ಲಿ ನಿಲ್ಲಬಹುದು. ಹೋಗುವ ಮುನ್ನ ರಿಜಿಸ್ಟರಿನಲ್ಲಿ ಕಾರಣ ಬರೆಯತಕ್ಕದ್ದು. ಕಾಲಂ ಹೇಗೂ ಸಿದ್ಧವಿತ್ತು.

ಮೊದಲು ಬರೆಯಬೇಕಾದವಳು ಬಾನಾ ಕಾಸುಬಾಳೇ. ಝಳ ನೆತ್ತಿಗೇರುತ್ತಿತ್ತು. ಹೆಸರು ಬರೆದಳು, ತಾರೀಖು ಬರೆದಳು. ಪೆನ್ನು ಮುಂದೆ ಹೋಗಲಿಲ್ಲ. ಸುಮ್ಮನೆ ಹಿಂದಿನ ಹಾಳೆಗಳನ್ನು ಮಗುಚಿದಳು. ಫೆಬ್ಬಿ: ಹೊಟ್ಟೆನೋವಂತೆ. ಫೆಬ್ಬಿ: ಮತ್ತೆ ಸೋಮವಾರ. ಫೆಬ್ಬಿ: ವಾಂತಿಯಂತೆ, ನಾನು ನೋಡಿಲ್ಲ. ಅಕ್ಷರಗಳೇನೋ ದುಂಡಗಿದ್ದವು.

ಫೆಬ್ಬಿಯನ್ನು ಕರೆದು ರಿಜಿಸ್ಟರು ಅವಳ ಮುಂದೆ ತಳ್ಳಿದಳು.

"ನಾಳೆ ನಾನು ಬರಲ್ಲ. ತಾಯಂದಿರ ದಿನ ಅಂತ ಬರಿ."

ಫೆಬ್ಬಿ ಬರೆದಳು. ಪಳಗಿದ ಹುಡುಗಿ, ಪೆನ್ನು ತಾನಾಗಿ ಮೂರನೆಯ ಕಾಲಮ್ಮಿಗೆ ಹೋಗಿ ನಿಂತಿತು.

"ಕಾರಣ, ಅಮ್ಮಾ?"

"ಖಾಲಿ ಬಿಡು."

"ಖಾಲಿ ಬಿಡಬಾರ್ದು ಅಂತ ನೀವೇ ಹೇಳಿದ್ರಲ್ಲ."

"ಹೇಳಿದ್ದೆ. ಅವತ್ತು ನೀನು ವಾಂತಿ ಮಾಡ್ಕೊಂಡಿದ್ದನ್ನ ನೋಡಿದ್ದೆ ಕಣೇ, ಫೆಬ್ಬಿ. ನೋಡಿಯೂ ಹಾಗೆ ಬರೆದೆ."

ಫೆಬ್ಬಿ ಆ ಕಾಲಂ ಖಾಲಿ ಬಿಟ್ಟು, ಪೆನ್ನಿನ ಮುಚ್ಚಳ ಹಾಕಿ ರಿಜಿಸ್ಟರು ಮುಚ್ಚಿದಳು.

ಮರುದಿನ ಬಾನಾ ಕಾಸುಬಾ ಬರಲಿಲ್ಲ. ತಾನಿಲ್ಲದಿದ್ದರೆ ಹಿಟ್ಟೇ ಉಬ್ಬುವುದಿಲ್ಲವೆಂದು ಇಪ್ಪತ್ತೆರಡು ವರ್ಷ ನಂಬಿದ್ದಳು. ಹಿಟ್ಟು ಉಬ್ಬಿತು.