ಆಡಿನ ಹಿಂಡಿನಂಥ ಕೂದಲು

ಮೊನ್ನೆ ಇಲ್ಲಿ ಮಿಷಿಗನ್ನಿನ ಕ್ಯಾಂಟನ್ ಊರಿನ ಅಂಗಡಿಯಿಂದ ಮೂಲಂಗಿ ಎಂದು ನಾನು ತಂದದ್ದು ಮೂಲಂಗಿಯಾಗಿರಲಿಲ್ಲ. ತುರಿಯಲು ಕೂತರೆ ಘಾಟು ಮೂಗಿನಿಂದ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಹಾರ್ಸ್‌ರ್ಯಾಡಿಶ್ ಎಂಬ ಈ ಬೇರಿನ ಪರಿಚಯ ನನಗೆ ಹಳೆಯದು. ಷಿಕಾಗೋದ ಡೆವನ್ ಅವೆನ್ಯೂ ಪಕ್ಕದ ಬೀದಿಯಲ್ಲಿ ನಾವು ಬಾಡಿಗೆಗಿದ್ದಾಗ, ಎದುರು ಮನೆಯ ಯಹೂದಿ ದಂಪತಿ ಸ್ಯಾಮ್ ಅಂಕಲ್ ಮತ್ತು ರೂತ್ ಆಂಟಿ ಪಾಸೋವರ್ ಹಬ್ಬಕ್ಕೆ ಕರೆದು ಇದನ್ನೇ ತಿನ್ನಿಸಿದ್ದರು. ಪೂರ್ವಿಕರ ಗುಲಾಮಗಿರಿಯ ಕಹಿ ನೆನಪಿಗಂತೆ. ನಮ್ಮ ಬೇವಿಗೆ ಬೆಲ್ಲವಿದ್ದಂತೆ ಅವರಲ್ಲೂ ಜೊತೆಗೆ ಸೇಬಿನ ಸಿಹಿಯುಂಟು. ಆದರೆ ಸ್ಯಾಮ್ ಅಂಕಲ್ ಆ ಸಿಹಿಯನ್ನು ಔಷಧಿಯಂತೆ ಚಮಚದಲ್ಲಿ ಅಳೆದು ಬಡಿಸುತ್ತಿದ್ದರು.

ನಿವೃತ್ತ ಗಣಿತದ ಮೇಷ್ಟ್ರು. ದೇವರು ತಪ್ಪು ಮಾಡಿದ್ದರೂ ಕೆಂಪು ಶಾಯಿಯಲ್ಲಿ ಗುರುತು ಹಾಕುವವರು. ನಾವು ಯುಗಾದಿಯ ಹೋಳಿಗೆ ಒಯ್ದಿದ್ದೆವು. ಹಬ್ಬದಲ್ಲಿ ನೆನೆದ ಗೋಧಿಹಿಟ್ಟಿನ ತಿನಿಸು ಮನೆಯೊಳಗೆ ಬರಬಾರದೆಂದು ಅದನ್ನು ಹೊಸ್ತಿಲಲ್ಲೇ ತಡೆದರು, ನಮ್ಮನ್ನು ಒಳಗೆ ಬಿಟ್ಟರು.

ಊಟವಾದ ಮೇಲೆ ಅವರು ಧರ್ಮಗ್ರಂಥದ ಪ್ರೇಮಗೀತೆಯೊಂದನ್ನು ಓದುವ ರೂಢಿ. ಅದರಲ್ಲಿ ಪ್ರಿಯೆಯ ಕೂದಲನ್ನು ಗುಡ್ಡ ಇಳಿಯುವ ಆಡಿನ ಹಿಂಡಿಗೆ ಹೋಲಿಸಿದೆ. ನಮ್ಮ ಮನೆಯಲ್ಲಿ ಹಾಗೆಂದಿದ್ದರೆ ನನಗೆ ರಾತ್ರಿ ಊಟ ಸಿಗುತ್ತಿರಲಿಲ್ಲ. ರೂತ್ ಆಂಟಿ ಮಾತ್ರ ತಮ್ಮ ದಟ್ಟ ಬಿಳಿಗೂದಲನ್ನು ಸರಿಪಡಿಸಿಕೊಂಡು, ಇದು ಯಾರಿಗೆ ಹೇಳಿದ್ದು ಎಂದು ಕೇಳಿದರು. ಪ್ರತಿ ವರ್ಷ ಕೇಳುತ್ತಿದ್ದರಂತೆ. ಸ್ಯಾಮ್ ಅಂಕಲ್ ಕನ್ನಡಕ ತೆಗೆದು, ಇಲ್ಲಿ ಪ್ರಿಯನೆಂದರೆ ದೇವರು, ಪ್ರಿಯೆಯೆಂದರೆ ಅವನ ಜನ, ಹೆಂಗಸಿನ ಪ್ರಸ್ತಾಪವೇ ಇಲ್ಲ ಎಂದು ವಿವರಿಸಿದರು. ರೂತ್ ಆಂಟಿ ಒಂದು ಮಾತಿಗಾಗಿ ಕಾದಿದ್ದರು, ಸಿಕ್ಕಿದ್ದು ವ್ಯಾಖ್ಯಾನ. ಎಲ್ಲ ಮತಗಳ ಪಂಡಿತರಿಗೂ ಪ್ರೇಮ ಕಂಡರೆ ಭಯ. ಕೂಡಲೇ ದೇವರನ್ನು ಕರೆದು ನಡುವೆ ಕೂರಿಸುತ್ತಾರೆ.

ಮೆಟ್ಟಿಲಿಳಿಯುತ್ತ ನಾನು ಹೀಗೆ ಗೇಲಿ ಮಾಡಿದಾಗ ನನ್ನ ಹೆಂಡತಿ ಸುಮಾ ಹೇಳಿದಳು: "ಅವ್ರು ದೇವರ ಹೆಸರಲ್ಲಾದ್ರೂ ಓದ್ತಾರೆ. ನಿಮಗೆ ಅದೂ ಬರಲ್ಲ ಬಿಡಿ."

ಮರುವರ್ಷವೂ ಕರೆದರು. ಕ್ಯಾನ್ಸರಿನ ಚಿಕಿತ್ಸೆಯಿಂದ ರೂತ್ ಆಂಟಿಯ ಕೂದಲೆಲ್ಲ ಉದುರಿತ್ತು, ತಲೆಗೆ ನೀಲಿ ಸ್ಕಾರ್ಫ್ ಸುತ್ತಿದ್ದರು. ಕಂಡದ್ದನ್ನಷ್ಟೇ ಹೇಳುತ್ತೇನೆ. ಸ್ಯಾಮ್ ಅಂಕಲ್ ಎಂದಿನಂತೆ ಓದುತ್ತ ಬಂದು, ಕೂದಲಿನ ಸಾಲಿನಲ್ಲಿ ನಿಂತರು. ಬೆರಳು ಪುಟದ ಮೇಲೇ ಇತ್ತು. ಸುಮಾ ತಟ್ಟೆ ನೋಡುತ್ತಿದ್ದಳು.

"ಓದು, ಸ್ಯಾಮ್," ಎಂದರು ರೂತ್ ಆಂಟಿ. "ಅದೇನು ನನ್ನ ಕೂದಲೇ?"

ಸ್ಯಾಮ್ ಅಂಕಲ್ ಪುಸ್ತಕ ಮುಚ್ಚಿದರು. ಕನ್ನಡಕ ತೆಗೆದರು, ವ್ಯಾಖ್ಯಾನ ಶುರುವಾಗುತ್ತದೆಂದು ನಾನು ಕಾದೆ.

"ನಿನ್ನದೇ," ಎಂದರು.

ಆಮೇಲೆ ಆ ಸಾಲನ್ನು ಪುಸ್ತಕವಿಲ್ಲದೆ, ಹೆಂಡತಿಯ ಮುಖ ನೋಡುತ್ತ ಹೇಳಿದರು. ಆಡುಗಳ ಮಾತಿಗೆ ಬಂದಾಗ ರೂತ್ ಆಂಟಿಗೆ ನಗು ಬಂತು. ಆ ಬೇಸಿಗೆಯಲ್ಲಿ ನಾವು ಮಿಷಿಗನ್‌ಗೆ ಬಂದೆವು. ಚಳಿಗಾಲ ಮುಗಿಯುವ ಮೊದಲೇ ರೂತ್ ಆಂಟಿ ತೀರಿಕೊಂಡರು.

ಮೊನ್ನೆ ಬೇರು ಹಿಡಿದು ಕೂತಿದ್ದ ನನ್ನನ್ನು ನೋಡಿ ಸುಮಾ, "ಯಾಕ್ರೀ ಅಳ್ತಿದೀರಾ?" ಎಂದಳು. ಘಾಟು ಎಂದೆ. ಸ್ನಾನ ಮುಗಿಸಿ ಕೂದಲು ಬಿಟ್ಟುಕೊಂಡಿದ್ದಳು, ಕಿವಿಯ ಪಕ್ಕ ನರೆ. ಆಡಿನ ಹಿಂಡಿನ ಮಾತನ್ನು ಹೇಳಿಯೇಬಿಟ್ಟೆ.

ಅವಳು ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು. "ಇದು ದೇವರು ಹೇಳಿದ್ದಾ, ನೀವಾ?"

"ನಾನೇ."

ರಾತ್ರಿ ಊಟವೇನೋ ಸಿಕ್ಕಿತು. ಆ ಬೇರನ್ನೇ ಮೊಸರಿಗೆ ಹಾಕಿ ಪಚಡಿ ಮಾಡಿದ್ದಳು. ಉಳಿಸದೆ ತಿಂದೆ.