ಮಧ್ಯಾಹ್ನದ ಬೆಲ್

ತೋಡಾರಿನ ಅಂಗಡಿಯವರು ನಾವೆಲ್ಲ ಸೇರಿ ಗಸ್ತಿಗೆಂದು ಕೊಡಿಸಿದ ಸೈಕಲ್ ನಮ್ಮ ಬೀಟಿನ ಪೊಲೀಸ್ ಪೇದೆಯವರ ಪಾಲಿಗೆ ಬಂತು. ಊಟ ಮುಗಿಸಿ, ಶಟರ್ ಎಳೆದು ನಾವು ಒಳಗೆ ಅಡ್ಡಾಗುವ ಹೊತ್ತಿಗೇ ಅವರ ಸವಾರಿ. ಹೊಟ್ಟೆ ಹ್ಯಾಂಡಲಿಗೆ ತಾಗುತ್ತಿತ್ತು. ಪ್ರತಿ ಅಂಗಡಿಯೆದುರೂ ಟ್ರಿಣ್ ಟ್ರಿಣ್, ಜೊತೆಗೆ ಅದೇ ಮಾತು: "ಮಲಗಿ ಮಾರಾಯ್ರೆ, ನಾನುಂಟಲ್ಲ!"

ಮಲಗುವುದು ಹೇಗೆ? ಬೇಕರಿಯವರು ತಡೆಯಲಾರದೆ, "ಬೆಲ್ ಕೇಳಿದರೆ ಕಳ್ಳ ಓಡುವುದಿಲ್ಲವಾ?" ಎಂದರು.

"ಓಡಲಿ ಅಂತಲೇ ಬಾರಿಸುವುದು. ಹಿಡಿಯಲಿಕ್ಕೆ ನನಗೆ ಓಡ್ಲಿಕ್ಕೆ ಆಗ್ತದಾ?" ಎಂದು ನಕ್ಕರು.

ಆದರೂ ಮರುದಿನ ಬೆಲ್ಲಿಗೆ ಕರ್ಚೀಫು ಸುತ್ತಿ ಸದ್ದಿಲ್ಲದೆ ಬಂದರು. ಬೆಲ್ ಕೇಳದೆ ಯಾರಿಗೂ ನಿದ್ದೆ ಹತ್ತಲಿಲ್ಲ. ಒಂದೊಂದೇ ಶಟರ್ ಮೇಲೆದ್ದಿತು. ಮೊದಲು ಬೀದಿಗಿಳಿದ ಬೇಕರಿಯವರು ಕರ್ಚೀಫು ಬಿಚ್ಚಿ, ತಾವೇ ಬೆಲ್ ಬಾರಿಸಿ, ಆಕಳಿಸುತ್ತ ಒಳಗೆ ಹೋದರು.