ದನಿ ಬಂತು, ಚಿತ್ರ ಬರಲಿಲ್ಲ

2014ರಲ್ಲಿ ನಾನು ಠಾಣೆಯ ಕೋಪರಿಯಲ್ಲಿ ಒಬ್ಬ ಕೇಬಲ್‌ವಾಲಾನ ಬಳಿ ಇಂಟರ್‌ನೆಟ್ ಜೋಡಿಸುವ ಕೆಲಸ ಮಾಡುತ್ತಿದ್ದೆ. ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ ಏಳನೇ ತರಗತಿ. ಕೆಲಸ ಕಲಿತದ್ದು ಟೆರೇಸಿನಿಂದ ಟೆರೇಸಿಗೆ ವಯರ್ ಎಳೆಯುತ್ತ. ವಯರ್ ಒಳ್ಳೆಯದೋ ವೈಫೈ ಒಳ್ಳೆಯದೋ ಎಂದು ಗಿರಾಕಿಗಳು ಕೇಳಿದರೆ ನನ್ನ ಉತ್ತರ ಒಂದೇ: "ಮೊಬೈಲ್ ಮನೆಯಿಡೀ ತಿರುಗ್ತದೆ, ಅದಕ್ಕೆ ವೈಫೈ. ಕಂಪ್ಯೂಟರ್ ಕೂತಲ್ಲೇ ಕೂರ್ತದೆ, ಅದಕ್ಕೆ ವಯರ್." ನಡುವೆ ಗೋಡೆಯೋ ಕಬ್ಬಿಣದ ಕಪಾಟೋ ಬಂದರೆ ವೈಫೈ ಸೋಲುತ್ತದೆ. ವಯರಿಗೆ ಆ ತೊಂದರೆಯಿಲ್ಲ.

ನನ್ನ ಮನೆಯಲ್ಲಿ ಮಾತ್ರ ಇದನ್ನು ಮರೆತೆ.

ನನ್ನ ತಂಗಿ ಸುಮತಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳ ಮಾತೆಲ್ಲ ಕೈಸನ್ನೆಯಲ್ಲಿ. ರಬಾಳೆಯ ಒಂದು ಕಂಪನಿಯಲ್ಲಿ ಡಾಟಾ ಎಂಟ್ರಿ ಕೆಲಸಕ್ಕೆ ಅವಳನ್ನು ಸಂದರ್ಶನಕ್ಕೆ ಕರೆದರು. ಅಧಿಕಾರಿಗಳು ಪುಣೆಯಲ್ಲಿದ್ದುದರಿಂದ ವಿಡಿಯೋ ಕಾಲ್. ಸನ್ನೆ ಬಲ್ಲವರೊಬ್ಬರು ಅವರ ಜೊತೆ ಕೂರುವವರಿದ್ದರು.

ಸುಮತಿ ಒಳಕೋಣೆಯ ಕಂಪ್ಯೂಟರ್ ತೋರಿಸಿ, ಗೋಡೆಯುದ್ದಕ್ಕೂ ಬೆರಳೆಳೆದಳು: ವಯರ್ ಹಾಕು.

ನನ್ನ ಹೆಂಡತಿ ತಡೆದಳು. "ಪೇಂಟಿನ ವಾಸನೆ ಇನ್ನೂ ಹೋಗ್ಲಿಲ್ಲ, ಚೌತಿಗೆ ಜನ ಬರುವ ಮನೆ. ಮೊಳೆ ಹೊಡೆಯುವುದಿದ್ರೆ ಗಿರಾಕಿಗಳ ಮನೆಯಲ್ಲಿ ಹೊಡೀರಿ ಮಾರಾಯ್ರೆ!"

ರಜೆಯ ದಿನ, ನನಗೂ ಅಷ್ಟೇ ಬೇಕಿತ್ತು. ಕಂಪ್ಯೂಟರಿನ ಹಿಂದೆ ಬೆರಳುದ್ದದ ವೈಫೈ ಡಾಂಗಲ್ ಸಿಕ್ಕಿಸಿದೆ. ಜೊತೆ ಕೆಲಸದವನಿಗೆ ವಿಡಿಯೋ ಕಾಲ್ ಮಾಡಿ "ಕೇಳ್ತದಾ?" ಅಂದೆ. "ಏಕ್‌ದಮ್ ಕ್ಲಿಯರ್" ಅಂದ. ನಮ್ಮ ಕಸುಬಿನಲ್ಲಿ ಅಷ್ಟೇ ಪರೀಕ್ಷೆ: ದನಿ ಕಡಿಯದಿದ್ದರೆ ಲೈನ್ ಸರಿ. ಚಿತ್ರ ಆಗಾಗ ನಿಲ್ಲುತ್ತಿತ್ತು. ಸುಮತಿ ತೋಳು ತಟ್ಟಿ ತೋರಿಸಿದಳು. ನಡೆಯುತ್ತದೆ ಎಂದು ಕೈಯಾಡಿಸಿದೆ. ಅವಳು ಮಂಗ ಕೊಂಬೆಯಿಂದ ಜಾರಿದ ಹಾಗೆ ಸನ್ನೆ ಮಾಡಿದಳು. ಟೆರೇಸ್ ಹತ್ತುವ ನನಗೆ ಅವಳಿಟ್ಟ ಹೆಸರು ಮಂಗ. ಇಬ್ಬರೂ ನಕ್ಕೆವು.

ಸಂದರ್ಶನದ ದಿನ ನಾನು ಬಾಗಿಲ ಬಳಿ ನಿಂತಿದ್ದೆ. ಮೊದಲ ಪ್ರಶ್ನೆಗಳು ಚೆನ್ನಾಗಿ ಸಾಗಿದವು. ಈ ಕೆಲಸ ಯಾಕೆ ಬೇಕು ಎಂದು ಕೇಳಿದರು. ಅವಳ ಕೈಗಳು ಅಷ್ಟು ಹೊತ್ತು, ಅಷ್ಟು ಚೆಂದವಾಗಿ ಮಾತಾಡಿದ್ದನ್ನು ನಾನೆಂದೂ ಕಂಡಿರಲಿಲ್ಲ. ಆಗ ಸ್ಪೀಕರಿನಲ್ಲಿ ಅಧಿಕಾರಿಯೊಬ್ಬರ ದನಿ ಕೇಳಿಸಿತು: "ಪಿಕ್ಚರ್ ಕಬ್ ಕಾ ಅಟಕ್ ಗಯಾ ಹೈ. ಆವಾಜ್ ಬರಾಬರ್ ಆ ರಹಾ ಹೈ." ಚಿತ್ರ ಆಗಲೇ ನಿಂತುಹೋಗಿದೆ, ದನಿ ಮಾತ್ರ ಸರಿಯಾಗಿ ಬರುತ್ತಿದೆ ಎಂದು.

ಆ ಆವಾಜ್ ನಮ್ಮ ಅಡುಗೆಮನೆಯ ಕುಕ್ಕರಿನದು. ಲೈನ್ ಸೊರಗಿದರೆ ಇಂಥ ಕಾಲ್‌ಗಳು ದನಿಯನ್ನು ಉಳಿಸಿಕೊಂಡು ಚಿತ್ರವನ್ನು ಕೈಬಿಡುತ್ತವೆ. ಸುಮತಿಯ ಪರದೆಯಲ್ಲೂ ಅಧಿಕಾರಿಗಳು ಅಲುಗದೆ ಕೂತಿದ್ದರು. ಗಮನವಿಟ್ಟು ನೋಡುತ್ತಿದ್ದಾರೆ ಎಂದುಕೊಂಡು ಅವಳು ಹೇಳುತ್ತಲೇ ಇದ್ದಳು.

ಮೈಕ್ ಇತ್ತು. "ಸಾಬ್, ತಪ್ಪು ನನ್ನದು, ಸ್ವಲ್ಪ ನಿಲ್ಲಿ" ಎಂದು ನಾನು ಹೇಳಬಹುದಿತ್ತು. ಹೇಳದೆ ವಯರ್ ತರಲು ಓಡಿದೆ. ಬರುವಷ್ಟರಲ್ಲಿ ಕಾಲ್ ಮುಗಿದಿತ್ತು.

ಸುಮತಿ ಕಣ್ಣರಳಿಸಿ ಕೇಳಿದಳು: ಕೊನೆಯದನ್ನು ಪೂರ್ತಿ ನೋಡಿದರಾ?

ಪೂರ್ತಿ ನೋಡಿದರು ಎಂದು ಕೈಯಲ್ಲಿ ಹೇಳಿದೆ.

ಕೆಲಸ ಬೇರೆಯವರಿಗೆ ಹೋಯಿತು. ಅವಳು ಬಹಳ ದಿನ ಕನ್ನಡಿಯ ಮುಂದೆ ಅದೇ ಉತ್ತರವನ್ನು ಹೇಳಿಕೊಂಡು, ತಪ್ಪೆಲ್ಲಿ ಎಂದು ಹುಡುಕಿದಳು. ಆಮೇಲೆ ಯಾವ ಸಂದರ್ಶನಕ್ಕೂ ಕೂರಲಿಲ್ಲ. ಈಗ ತುರ್ಭೆಯ ಒಂದು ಕಾರ್ಖಾನೆಯಲ್ಲಿ ಡಬ್ಬಗಳಿಗೆ ಲೇಬಲ್ ಅಂಟಿಸುತ್ತಾಳೆ.

ಯಾರ ಮನೆಯಲ್ಲಿ ಚಿತ್ರ ನಿಂತರೂ ನನಗೆ ಆ ಕನ್ನಡಿಯಲ್ಲಿನ ಕೈಗಳು ಕಾಣುತ್ತವೆ. ಲೈನ್ ಬಳಸುವವರೇ ಕೂತು, ತಮ್ಮ ಕೆಲಸ ಮಾಡಿ ನೋಡಿ, ಸರಿ ಎನ್ನುವವರೆಗೆ ನಾನೀಗ ಬ್ಯಾಗು ಮುಚ್ಚುವುದಿಲ್ಲ. ಕೆಲಸ ಕಲಿಸಿದ್ದು ಇಷ್ಟು. ಸುಮತಿಗೆ ಮಾತ್ರ ಇನ್ನೂ ನಿಜ ಹೇಳಿಲ್ಲ. ಇಲ್ಲಿನ ಶಾಲೆಯಲ್ಲಿ ಕಲಿತ ಅವಳಿಗೆ ಓದಲು ಬರುವುದು ಮರಾಠಿ, ಕನ್ನಡ ಬಾರದು. ಇದನ್ನು ನಾನು ಕನ್ನಡದಲ್ಲಿ ಬರೆದಿದ್ದೇನೆ.